ಸೀಸದ ಬಿಳಿ

ಆ ಬೆಳಿಗ್ಗೆ ದೇವದಾಸನ ಬಲಗೈ ಮೇಲೇಳಲಿಲ್ಲ. ತೋಳು ಎದ್ದಿತು, ಮೊಣಕೈ ಮಡಚಿತು, ಬೆರಳುಗಳು ಹೇಗೋ ಕುಂಚವನ್ನು ಹಿಡಿದುಕೊಂಡವು. ಆದರೆ ಮಣಿಕಟ್ಟಿನಿಂದ ಮುಂದಿನ ಭಾಗ ಮಾತ್ರ ಬಾಡಿದ ಎಲೆಯ ಹಾಗೆ ಕೆಳಗೆ ಜೋತುಬಿತ್ತು. ಎಡಗೈಯಿಂದ ಎತ್ತಿ ನಿಲ್ಲಿಸಿದ. ಬಿಟ್ಟೊಡನೆ ಮತ್ತೆ ಬಿತ್ತು. ಕುಂಚ ಜಾರಿ ನೆಲದ ಮೇಲೆ ಬಿಳಿಯ ಒಂದು ಗೆರೆ ಎಳೆದು ಬಾಗಿಲ ಬಳಿಗೆ ಉರುಳಿತು.

ಅವನು ಮೊದಲು ನೋಡಿದ್ದು ಹಿತ್ತಿಲ ಕಡೆಗೆ, ಹೆಂಡತಿ ಕುಶಲಾ ಕಂಡಳೋ ಎಂದು. ಅವಳು ಬೆನ್ನು ತಿರುಗಿಸಿ ಬಟ್ಟೆ ಒಣಹಾಕುತ್ತಿದ್ದಳು. ದೇವದಾಸ ಕುಂಚವನ್ನು ಎಡಗೈಯಲ್ಲಿ ಎತ್ತಿಟ್ಟು, ನೆಲ ಒರೆಸಿ, ಇವತ್ತು ತಲೆನೋವು, ಕೆಲಸ ಮಾಡುವುದಿಲ್ಲ ಎಂದು ಒಳಗೆ ಹೋಗಿ ಮಲಗಿದ. ಕೈಯನ್ನು ಹೊದಿಕೆಯೊಳಗೆ ಇಟ್ಟುಕೊಂಡ. ಇಂಥದೇ ಜೋತುಬಿದ್ದ ಕೈಗಳನ್ನು ಅವನು ಹಿಂದೆ ಒಮ್ಮೆ ನೋಡಿದ್ದ. ಆ ಕೈಗಳು ಮತ್ತೆ ಎದ್ದದ್ದನ್ನು ಮಾತ್ರ ನೋಡಿರಲಿಲ್ಲ.

ಇದು ಎಪ್ಪತ್ತೊಂಬತ್ತರ ನವರಾತ್ರಿ ಕಳೆದ ಮೇಲಿನ ಮಾತು. ಆಗ ಕಾಪುವಿನಿಂದ ಕಾರ್ಕಳದವರೆಗೆ, ಮಕ್ಕಳು ಬೊಂಬಾಯಿಯಲ್ಲೋ ಗಲ್ಫಿನಲ್ಲೋ ಇರುವ ಕ್ರೈಸ್ತರ ಮನೆಗಳಲ್ಲಿ ಅಲ್ತಾರಿನ, ಅಂದರೆ ಪ್ರಾರ್ಥನೆಯ ಪೀಠದ, ಮೇಲೆ ಎಣ್ಣೆ ಬಣ್ಣದ ದೊಡ್ಡ ಚಿತ್ರವೊಂದು ಇದ್ದರೆ ಅದು ಹೆಚ್ಚಾಗಿ ದೇವದಾಸನ ಕೈಯದ್ದೇ. ರಾಫೇಲನ ಮಾತೆಯರು, ಲಿಯೊನಾರ್ಡೊನ ಕಡೆಯ ಭೋಜನ, ಟಿಷಿಯನ್ನನ ಸಂತರು. ನಾನೂರು ಐನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಬರೆದದ್ದನ್ನು ಅವನು ಕಾಪುವಿನ ಬಾಡಿಗೆ ಮನೆಯ ಹಿಂಜಗಲಿಯಲ್ಲಿ ಕೂತು, ಅಚ್ಚಿನ ಪ್ರತಿಯ ಮೇಲೆ ನೂಲು ಎಳೆದು, ಚೌಕ ಚೌಕವಾಗಿ ಮತ್ತೆ ಬರೆಯುತ್ತಿದ್ದ. ಸ್ವಂತದ್ದೆಂದು ಒಂದು ಗೆರೆಯನ್ನೂ ಎಳೆದವನಲ್ಲ. ಯಾರಾದರೂ ಕಲಾವಿದರು ಅಂದರೆ, ನಾನು ನಕಲು ಮಾಡುವವನು, ಅಷ್ಟೇ ಎಂದು ತಿದ್ದುತ್ತಿದ್ದ. ಅದನ್ನು ಹೇಳುವಾಗ ಅವನ ಮುಖದಲ್ಲಿ ನಾಚಿಕೆ ಇರುತ್ತಿರಲಿಲ್ಲ.

ಹದಿನಾರನೇ ವರ್ಷಕ್ಕೆ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಮೇಜು ಒರೆಸಿದವನು ಅವನು. ಆಮೇಲೆ ಸಿನೆಮಾ ಬೋರ್ಡು ಬರೆಯುವವರ ಜೊತೆ ಸೇರಿದ, ಅಲ್ಲಿಂದ ಅಲೆಕ್ಸಾಂಡರ್ ಎಂಬ ಗೋವೆಯ ಮುದುಕನ ಕೈಕೆಳಗೆ ಬಂದ. ಅಲೆಕ್ಸಾಂಡರ್ ಹಳೆಯ ಇಗರ್ಜಿಗಳ ಚಿತ್ರಗಳನ್ನು ರಿಪೇರಿ ಮಾಡುತ್ತಿದ್ದ, ಬೇಕೆಂದವರಿಗೆ ನಕಲು ಮಾಡಿಕೊಡುತ್ತಿದ್ದ. ಎಂಟು ವರ್ಷ ಅವನ ಬಳಿ ದೇವದಾಸ ಕಲಿತದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಬಿಳಿ ಬಣ್ಣ. ಅಂಗಡಿಯ ಬಿಳಿ ಗೋಡೆಗೆ ಬಳಿದ ಸುಣ್ಣದ ಹಾಗೆ ಕಾಣುತ್ತದೆ, ಸೀಸದಿಂದ ಮಾಡಿದ ಬಿಳಿಯಲ್ಲಿ ಮಾತ್ರ ಮೈಯ ಬಿಸಿ ಇರುತ್ತದೆ ಎನ್ನುತ್ತಿದ್ದ ಮುದುಕ. ಆ ಬಿಳಿಯನ್ನು ಮಾಡುವ ವಿದ್ಯೆಯೊಂದಿಗೆ ದೇವದಾಸ ಅರವತ್ತೆಂಟರಲ್ಲಿ ಊರಿಗೆ ಮರಳಿದ. ಅವನು ಹೊರಡುವ ಹೊತ್ತಿಗೆ ಅಲೆಕ್ಸಾಂಡರನ ಎರಡೂ ಕೈಗಳು ಮಣಿಕಟ್ಟಿನಿಂದ ಜೋತುಬಿದ್ದಿದ್ದವು. ಕುಡಿತದಿಂದ ಹೀಗಾಯಿತು ಎಂದು ಮುದುಕ ಹೇಳಿದ್ದನ್ನು ಅವನು ನಂಬಿದ್ದ.

ಕಾಪುವಿನಲ್ಲಿ ಬಿಳಿ ಮಾಡಲು ಬೇಕಾದದ್ದೆಲ್ಲ ಕೈಗೆಟುಕುವಂತೆ ಸಿಕ್ಕಿತು. ಮೀನುಗಾರರ ಹಳೆಯ ಬಲೆಗಳಿಗೆ ಕಟ್ಟಿದ ಸೀಸದ ಗುಂಡುಗಳು ಇದ್ದವು, ಶಿರ್ವದ ಮನೆಗಳಲ್ಲಿ ಕಳ್ಳು ಹುಳಿಸಿ ಮಾಡಿದ ವಿನೆಗರ್ ಇತ್ತು, ನೆರೆಯ ಹಟ್ಟಿಯಲ್ಲಿ ಬೇಕಾದಷ್ಟು ಸೆಗಣಿ ಇತ್ತು. ಗುಂಡುಗಳನ್ನು ಕರಗಿಸಿ ತಗಡು ಮಾಡಿ, ಸುರುಳಿ ಸುತ್ತಿ, ವಿನೆಗರ್ ಹಾಕಿದ ಮಣ್ಣಿನ ಗಡಿಗೆಗಳಲ್ಲಿ ನಿಲ್ಲಿಸಿ, ಸೆಗಣಿಯ ಗುಂಡಿಯಲ್ಲಿ ಮುಚ್ಚಿಟ್ಟರೆ ಮೂರು ತಿಂಗಳಲ್ಲಿ ಸೀಸದ ಮೇಲೆ ಬೆಳ್ಳಗೆ ಹಕ್ಕಳೆ ಕಟ್ಟುತ್ತಿತ್ತು. ಮದುವೆಯಾಗಿ ಬಂದ ವರ್ಷದಿಂದಲೇ ಆ ಹಕ್ಕಳೆಯನ್ನು ಕೆರೆದು ತೆಗೆಯುವುದು, ತೊಳೆದು ಒಣಗಿಸುವುದು, ಹಳೆಯ ಮಲ್ಲು ಬಟ್ಟೆಯಲ್ಲಿ ಜರಡಿ ಹಿಡಿದ ಹಾಗೆ ಜಾಲಿಸಿ ಹಿಟ್ಟು ಮಾಡುವುದು ಕುಶಲಾಳ ಕೆಲಸವಾಯಿತು. ಗಂಡನ ವಿದ್ಯೆಯಲ್ಲಿ ತನಗೂ ಒಂದು ಪಾಲು ಉಂಟು ಎಂಬ ಹೆಮ್ಮೆ ಅವಳಿಗೆ. ಅಷ್ಟು ನುಣ್ಣಗೆ ಬೇರೆ ಯಾರೂ ಜಾಲಿಸಲಾರರು ಎಂದು ದೇವದಾಸನೂ ನಾಲ್ಕು ಜನರೆದುರು ಹೇಳುತ್ತಿದ್ದ.

ಕೈ ಬಿದ್ದ ಮೇಲೆ ಹತ್ತು ದಿನ ಅವನು ಅದನ್ನು ಬಚ್ಚಿಟ್ಟ. ಬಿದಿರಿನ ಸೀಳೊಂದನ್ನು ಅಂಗೈಯಿಂದ ಮುಂಗೈಗೆ ಕಟ್ಟಿ, ಮೇಲೆ ಉದ್ದ ತೋಳಿನ ಅಂಗಿ ಹಾಕಿಕೊಂಡ. ಉಳುಕಿದೆ ಎಂದು ಕುಶಲಾಳಿಗೆ ಹೇಳಿದ. ಹೊಟ್ಟೆಯಲ್ಲಿ ಒಂದು ನೋವು ತಿಂಗಳುಗಳಿಂದಲೇ ಇತ್ತು. ಬಂದರೆ ಕರುಳನ್ನು ಹಿಡಿದು ಹಿಂಡಿದ ಹಾಗೆ, ಬೆವರಿ ಎರಡಾಗಿ ಬಾಗಿ ಕೂರುವಂತಾಗುತ್ತಿತ್ತು. ಅದನ್ನೂ ಹೇಳಿರಲಿಲ್ಲ. ಸತ್ತವರ ಕೈಬರಹವನ್ನು ಇಷ್ಟು ವರ್ಷ ತಿದ್ದಿದ್ದಕ್ಕೆ ಅವರು ಈಗ ತನ್ನ ಕೈಯನ್ನು ವಾಪಸು ಕೇಳುತ್ತಿದ್ದಾರೆ ಎಂಬ ಯೋಚನೆ ಅವನಿಗೆ ಹಗಲು ಹೊತ್ತಿನಲ್ಲೇ ಬಂತು. ಯಾರಿಗೂ ಹೇಳುವ ಮಾತಲ್ಲ ಅದು. ಕುಶಲಾಳಿಗಂತೂ ಅಲ್ಲ, ಅದೂ ಈಗ. ಅವಳಿಗೆ ಮೂರು ತಿಂಗಳಾಗಿತ್ತು.

ಹಿಂದೆ ಮೂರು ಸಲ ಹೀಗೆಯೇ ಆಗಿ ಮೂರೂ ಸಲ ಕಳೆದುಹೋಗಿತ್ತು. ಮೊದಲನೆಯದು ಐದನೇ ತಿಂಗಳಿಗೆ. ಎರಡನೆಯದು ದಿನ ತುಂಬಿ ಹುಟ್ಟಿದ ಗಂಡುಮಗು, ಅಳಲೇ ಇಲ್ಲ. ಮೂರನೆಯದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ. ಪರ್ಕಳದಲ್ಲಿದ್ದ ಕುಶಲಾಳ ತಾಯಿ ಗುಣವತಿಯಮ್ಮ ಪ್ರತಿ ಸಲವೂ ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ಬಂದ ದೋಷಕ್ಕೆಲ್ಲ ಪರಿಹಾರ ಮಾಡಿಸಿದ್ದರು. ಈಗ ಕುಶಲಾಳಿಗೆ ಮೂವತ್ತೇಳು. ಇದೇ ಕಡೆಯದು ಎಂದು ಅವಳು ಹೇಳದೆಯೇ ಅವನಿಗೆ ಗೊತ್ತಿತ್ತು.

ಕೈಯ ಗುಟ್ಟು ರಟ್ಟಾದದ್ದು ಕಾರ್ಕಳದ ಡುಲ್ಸಿನ್ ಬಾಯಿ ಎಂಬ ಕ್ರೈಸ್ತ ಹೆಂಗಸಿನಿಂದ. ಮಗ ಲಿಡ್ವಿನ್ ಬಹರೈನಿನಿಂದ ಹಣ ಕಳಿಸಿ ಕಟ್ಟಿಸುತ್ತಿದ್ದ ಹೊಸ ಮನೆಗೆ ಆಕೆ ಒಂದು ಚಿತ್ರ ಬರೆಯಲು ಹೇಳಿದ್ದರು, ಮೋಡಗಳ ಮೇಲೆ ಕೂಸನ್ನೆತ್ತಿಕೊಂಡು ನಡೆದುಬರುವ ರಾಫೇಲನ ಮಾತೆ. ಆಳೆತ್ತರದ ಆ ಚಿತ್ರದಲ್ಲಿ ಮುಕ್ಕಾಲು ಭಾಗ ಮೋಡ, ಮೋಡವೆಲ್ಲ ಬಿಳಿ. ಎಷ್ಟಾಯಿತು ಎಂದು ನೋಡಲು ಒಂದು ದಿನ ಮಧ್ಯಾಹ್ನ ಬಸ್ಸಿನಲ್ಲಿ ಬಂದ ಬಾಯಿ ಜಗಲಿಯಲ್ಲಿ ಕೂತರು. ಚಾ ಕೊಡಲು ಹೋದ ದೇವದಾಸನ ಕೈಯಿಂದ ಲೋಟ ಬಿತ್ತು. ತೋಳು ಸರಿದು ಬಿದಿರಿನ ಸೀಳು ಕಂಡಿತು. ಬಾಯಿ ಅವನ ಕೈ ಹಿಡಿದು, ಕಟ್ಟು ಬಿಚ್ಚಿ, ಎತ್ತಿ ಬಿಟ್ಟು ನೋಡಿದರು.

“ಇದು ಉಳುಕಿದ್ದಲ್ಲ ದೇವದಾಸರೇ. ನಾಳೆ ಮಣಿಪಾಲಕ್ಕೆ ಹೋಗಿ. ನೀವು ಹೋಗದಿದ್ದರೆ ನಾನೇ ಬಂದು ಕರೆದುಕೊಂಡು ಹೋಗುವುದು.”

ಬಾಗಿಲಲ್ಲಿ ನಿಂತಿದ್ದ ಕುಶಲಾಳ ಮುಖ ಬಿಳುಚಿಕೊಂಡಿತು. ಅವಳು ಇತ್ತೀಚೆಗೆ ಯಾವಾಗಲೂ ಬಿಳುಚಿಕೊಂಡೇ ಇರುತ್ತಾಳೆ ಎಂದು ಅವನಿಗೆ ಹೊಳೆದದ್ದೂ ಆಗಲೇ.

ಮಣಿಪಾಲದ ಆಸ್ಪತ್ರೆಯಲ್ಲಿ ಸಾಲು ಹಿಡಿದು, ಚೀಟಿ ಮಾಡಿಸಿ, ಕೊನೆಗೆ ಅವನು ಕೂತದ್ದು ಸೋಫಿಯಾ ಎಂಬ ಚಿಕ್ಕ ಪ್ರಾಯದ ಡಾಕ್ಟರರ ಮುಂದೆ. ಎಂತ ಕೆಲಸ ಮಾಡುವುದು ಎಂದು ಕೇಳಿದರು. ಚಿತ್ರಗಳಿಗೆ ಫ್ರೇಮು ಹಾಕುವುದು ಎಂದ. ಯಾಕೆ ಸುಳ್ಳು ಹೇಳಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಬಣ್ಣ ಎಂದರೆ ಬಣ್ಣ ಬಿಡಿ ಎಂದಾರು, ಬಿಟ್ಟರೆ ತಾನು ಯಾರು ಎಂಬ ಹೆದರಿಕೆ ಇದ್ದಿರಬೇಕು. ಡಾಕ್ಟರು ಬಾಯಿ ತೆರೆಯಲು ಹೇಳಿ, ತುಟಿಯನ್ನು ಎತ್ತಿ, ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು. ಒಸಡಿನ ಅಂಚಿನುದ್ದಕ್ಕೂ ನೀಲಿ ಗೆರೆ ಇದೆ ಎಂದು ಅವರು ತಮ್ಮೊಳಗೆ ಮಾತಾಡಿಕೊಂಡದ್ದು ಅವನಿಗೆ ಕೇಳಿತು.

“ಸೀಸದ ಕೆಲಸ ಏನಾದರೂ ಉಂಟಾ? ಬ್ಯಾಟರಿ, ಪ್ರೆಸ್ಸಿನ ಅಚ್ಚು, ಅಂಥದ್ದು?”

“ಇಲ್ಲ.”

ಆಕೆ ನಂಬಲಿಲ್ಲ. ಮೈಗೆ ಸೀಸ ಸೇರಿದರೆ ಹೀಗೆ ಕೈ ಬೀಳುತ್ತದೆ, ಹೊಟ್ಟೆ ಹಿಂಡುತ್ತದೆ, ರಕ್ತ ಕೆಡುತ್ತದೆ ಎಂದು ನಿಧಾನವಾಗಿ ಹೇಳಿ ರಕ್ತ ತೆಗೆಸಿದರು. ಆಮೇಲೆ ಚೀಟಿಯಲ್ಲಿ ಬರೆಯುತ್ತಲೇ, ಮನೆಯಲ್ಲಿ ಯಾರು ಯಾರಿದ್ದಾರೆ, ಮಕ್ಕಳೆಷ್ಟು ಎಂದು ಕೇಳಿದರು. ಮಕ್ಕಳಿಲ್ಲ ಎಂದ.

“ಆಗಲೇ ಇಲ್ವಾ, ಆಗಿ ಉಳಿಯಲಿಲ್ವಾ?”

ಯಾಕೆ ಕೇಳಿದಿರಿ ಎಂದು ಕೇಳುವಷ್ಟು ಧೈರ್ಯವಿಲ್ಲದೆ ದೇವದಾಸ, ಬರುತ್ತೇನೆ ಎಂದು ಎದ್ದು ಹೊರಗೆ ಬಂದ. ಹಿಂದಿನಿಂದ ಡಾಕ್ಟರು ಕರೆದದ್ದು ಕೇಳಿಯೂ ನಿಲ್ಲಲಿಲ್ಲ.

ಉಡುಪಿಯಲ್ಲಿ ಇಳಿದು ಕಾಪುವಿನ ಬಸ್ಸಿಗೆ ಕಾಯುವಾಗ ಅಲೆಕ್ಸಾಂಡರ್ ಹೇಳಿದ ಒಂದು ಮಾತು ನೆನಪಾಯಿತು. ಮುದುಕ ಒಮ್ಮೆ, ಕೇವಲ ಒಮ್ಮೆ, ಈ ಬಿಳಿಯನ್ನು ಹೆಂಗಸರ ಕೈಗೆ ಕೊಡಬೇಡ ಎಂದಿದ್ದ. ಹಳೆಯ ಕಾಲದವನ ಮಡಿಮೈಲಿಗೆ ಎಂದು ದೇವದಾಸ ಆಗ ಒಳಗೊಳಗೆ ನಕ್ಕಿದ್ದ. ಬಸ್ಸು ಬಂತು, ಜನ ನುಗ್ಗಿದರು, ಹೊರಟಿತು. ಅವನು ನಿಂತಲ್ಲೇ ನಿಂತಿದ್ದ. ಮುಂದಿನ ಬಸ್ಸಿನ ಕಂಡಕ್ಟರ್ ಹೆಗಲು ಮುಟ್ಟಿ ಕೇಳಿದ ಮೇಲೆ ಹತ್ತಿದ.

ಮನೆಗೆ ಬಂದರೆ ಕುಶಲಾ ಹಿತ್ತಿಲ ಬಿಸಿಲಲ್ಲಿ ಕಾಲು ಚಾಚಿ ಕೂತು ಬಿಳಿ ಜಾಲಿಸುತ್ತಿದ್ದಳು. ಡುಲ್ಸಿನ್ ಬಾಯಿಯ ಮೋಡಗಳಿಗೆ ಸಾಕಷ್ಟು ಇಲ್ಲ ಎಂದು ಅವನೇ ಹಿಂದಿನ ವಾರ ಹೇಳಿದ್ದ. ಗಾಳಿಗೆ ಹುಡಿ ಎದ್ದು ಅವಳ ಹುಬ್ಬು, ರೆಪ್ಪೆ, ತುಟಿಯ ಮೇಲೆ ಕೂತಿತ್ತು. ಅವನನ್ನು ಕಂಡು ಡಾಕ್ಟರು ಎಂತ ಹೇಳಿದರು ಎಂದು ಕೇಳಲು ಬಾಯಿ ತೆರೆದಳು. ಅವಳು ಉಸಿರು ಎಳೆದುಕೊಳ್ಳುವುದನ್ನು ನೋಡಿ ದೇವದಾಸನಿಗೆ ಕಿರುಚಬೇಕೆನಿಸಿತು. ಕಿರುಚಲಿಲ್ಲ. ಹತ್ತಿರ ಹೋಗಿ ಬಟ್ಟೆಯನ್ನೂ ಗೆರಸೆಯನ್ನೂ ಕಿತ್ತುಕೊಂಡು, ಹೋಗಿ ಮೈ ತೊಳೆದುಕೋ ಎಂದ. ಹತ್ತು ವರ್ಷದಲ್ಲಿ ಅವನು ಅವಳ ಕೈಯಿಂದ ಏನನ್ನೂ ಹಾಗೆ ಕಿತ್ತುಕೊಂಡಿರಲಿಲ್ಲ. ಅವಳು ಬಚ್ಚಲಿಗೆ ಹೋದಳು.

ಮರುದಿನ ಅವಳನ್ನು ಪರೀಕ್ಷೆ ಮಾಡಿಸುವ ನೆಪದಲ್ಲಿ ಕರೆದುಕೊಂಡು ಮತ್ತೆ ಮಣಿಪಾಲಕ್ಕೆ ಹೊರಟ. ಕಿಸೆಯಲ್ಲಿ ಕಾಗದದ ಪೊಟ್ಟಣದಲ್ಲಿ ಒಂದು ಚಿಟಿಕೆ ಬಿಳಿ ಇತ್ತು. ದಾರಿಯುದ್ದಕ್ಕೂ ಹೇಳಬೇಕೆಂದು ಮಾತು ಜೋಡಿಸಿದ, ಬಸ್ಸು ನಿಂತಲ್ಲೆಲ್ಲ ಅದು ಕಳಚಿಹೋಯಿತು. ಹೇಳಿದ್ದು ಆಸ್ಪತ್ರೆಯ ಬೆಂಚಿನ ಮೇಲೆ, ಸುತ್ತಲೂ ಜನ ಕೆಮ್ಮುತ್ತ ಕೂತಿರುವಾಗ. ಬಿಳಿ ವಿಷವಂತೆ, ನನ್ನ ಕೈಗೆ ಬಂದದ್ದು ಅದರಿಂದಲೇ ಅಂತೆ, ಹೊಟ್ಟೆಯಲ್ಲಿರುವ ಮಗುವಿಗೂ ತಾಗುತ್ತದೋ ಏನೋ ಎಂದ. ಇಷ್ಟು ಹೇಳುವಾಗ ಅವನು ಎದುರಿನ ಗೋಡೆಯನ್ನೇ ನೋಡುತ್ತಿದ್ದ.

ಕುಶಲಾ ಕೇಳಿದಳು, “ಮೂರಕ್ಕೂ?”

ಗೊತ್ತಿಲ್ಲ ಎಂದ ಅವನು. ಅವಳು ಎದ್ದು ಹೋಗಿ ಎದುರಿನ ಬೆಂಚಿನಲ್ಲಿ, ಅಪರಿಚಿತ ಹೆಂಗಸರ ನಡುವೆ ಕೂತಳು.

ಡಾಕ್ಟರ್ ಸೋಫಿಯಾ ಪೊಟ್ಟಣವನ್ನು ಬಿಚ್ಚಿ ನೋಡಿದರು, ಮೂಸಲಿಲ್ಲ, ಮುಟ್ಟಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಕುಂಚದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಚೂಪು ಮಾಡುವುದನ್ನೂ ಹೇಳಿದ. ಸುಳ್ಳು ಹೇಳಿದ್ದಕ್ಕೆ ಆಕೆ ಬೈಯಲಿಲ್ಲ. ಮೊದಲಿನ ಮೂರು ಇದರಿಂದಲೇ ಹೋದವು ಎಂದು ಯಾರೂ ಹೇಳಲಾರರು, ಅಲ್ಲ ಎಂದೂ ಹೇಳಲಾರರು ಎಂದರು. ಕುಶಲಾಳ ರಕ್ತವನ್ನೂ ತೆಗೆಸಿದರು, ಅದರಲ್ಲೂ ಸೀಸ ಉಂಟು, ಅವನದರಷ್ಟಿಲ್ಲ ಎಂದು ಆಮೇಲೆ ತಿಳಿಯಿತು. ಬಸುರಿಗೆ ಔಷಧ ಕೊಡುವ ಹಾಗಿಲ್ಲ. ಆ ಮನೆಯಿಂದ ದೂರ ಇರಬೇಕು, ಹಾಲು ಕುಡಿಯಬೇಕು, ರಕ್ತ ಹೆಚ್ಚಲು ಗುಳಿಗೆ ತಿನ್ನಬೇಕು, ಕಾಯಬೇಕು, ಅಷ್ಟೇ. ಮಗು ಹೇಗಿರುತ್ತದೆ ಎಂದು ಕುಶಲಾ ಕೇಳಿದ್ದಕ್ಕೆ ಆಕೆ ಅವಳ ಕೈ ಹಿಡಿದುಕೊಂಡರು.

ಕುಶಲಾ ಅಂದೇ ಆಸ್ಪತ್ರೆಯಿಂದ ನೇರವಾಗಿ ಪರ್ಕಳದ ತಾಯಿಮನೆಗೆ ಹೋದಳು. ಬದಲಿಸಲು ಸೀರೆ ಕೂಡ ಕಾಪುವಿನಿಂದ ತರಿಸಿಕೊಳ್ಳಲಿಲ್ಲ, ಅದರಲ್ಲೂ ಹುಡಿ ಇರಬಹುದೆಂದು.

ದೇವದಾಸನನ್ನು ವಾರ್ಡಿಗೆ ಸೇರಿಸಿ ಇಂಜೆಕ್ಷನ್ ಕೊಟ್ಟರು, ಬಿಡುವು ಕೊಟ್ಟು ಮತ್ತೆ ಕೊಟ್ಟರು. ಹೊಟ್ಟೆನೋವು ಹೋಯಿತು. ಕೈ ಹಾಗೆಯೇ ಇತ್ತು. ಹೊರಗೆ ಬಂದ ಮೇಲೆ ಅವನು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಎಡಗೈಯಲ್ಲಿ ಗುದ್ದಲಿ ಹಿಡಿದು ಸೆಗಣಿಯ ಗುಂಡಿಯನ್ನು ತೋಡಿದ. ಗಡಿಗೆ, ಸುರುಳಿ, ಹಕ್ಕಳೆ ಎಲ್ಲವನ್ನೂ ತಗಡಿನ ಡ್ರಮ್ಮಿನಲ್ಲಿ ತುಂಬಿ ಮುಚ್ಚಿದ. ಕೊನೆಯ ಗಡಿಗೆ ಎತ್ತಿ ತಿರುಗಿದಾಗ ಕಣ್ಣೆದುರಿಗೆ ಬಾವಿ ಇತ್ತು, ಗುಂಡಿಯಿಂದ ಹತ್ತು ಹೆಜ್ಜೆ. ಹನ್ನೊಂದು ಮಳೆಗಾಲ ಆ ಗುಂಡಿಯ ಮೇಲೆ ಬಿದ್ದ ನೀರು ಎಲ್ಲಿಗೆ ಹೋಯಿತು ಎಂದು ಅವನು ಯೋಚಿಸಿರಲೇ ಇಲ್ಲ. ಆ ಬಾವಿಯಿಂದ ಕೊಡಪಾನ ತುಂಬಿಕೊಂಡು ಹೋಗುವ ನೆರೆಯ ಮನೆ ಎರಡು ಇದ್ದವು. ಗುದ್ದಲಿ ಅಲ್ಲೇ ಬಿಟ್ಟು ಎರಡೂ ಮನೆಗೆ ಓಡಿ, ನೀರು ಕುಡಿಯಬೇಡಿ ಎಂದು ಹೇಳಿದ. ಅವರು ಅವನಿಗೆ ಹುಚ್ಚು ಹಿಡಿದಿದೆ ಎಂದುಕೊಂಡರು. ಡಾಕ್ಟರರಿಗೆ ಹೇಳಿ ನೀರಿನ ಪರೀಕ್ಷೆ ಮಾಡಿಸಿ, ದೋಷವಿಲ್ಲ ಎಂದು ಗೊತ್ತಾಗುವವರೆಗೆ ಹದಿನೆಂಟು ದಿನ ಆ ಮನೆಗಳ ಮಕ್ಕಳು ಆಡುವ ಸದ್ದು ಕೇಳಿದರೆ ಅವನು ಕಿಟಕಿ ಮುಚ್ಚಿಕೊಳ್ಳುತ್ತಿದ್ದ.

ಆಮೇಲೆ ಆ ಮನೆಯನ್ನೇ ಬಿಟ್ಟು ಪರ್ಕಳದಲ್ಲಿ ಒಂದು ಕೋಣೆ ಹಿಡಿದ. ದಿನಾ ಸಂಜೆ ಅತ್ತೆಯ ಮನೆಗೆ ಹೋಗಿ ಜಗಲಿಯ ತುದಿಯಲ್ಲಿ ಕೂರುತ್ತಿದ್ದ. ಕುಶಲಾ ಒಳಗಿನಿಂದ ಬರುತ್ತಿರಲಿಲ್ಲ. ಗುಣವತಿಯಮ್ಮ ಚಾ ಕೊಟ್ಟು, ಅಳಿಯನ ಕೈ ನೋಡಿ ಕಣ್ಣೀರು ಹಾಕಿ, ಯಾವ ದೈವದ ಮುನಿಸೋ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅದು ಅವನಿಗೆ ವಿಚಿತ್ರವಾಗಿ ಕಂಡಿತು, ಹೆದರಿಕೆಯನ್ನೂ ಹುಟ್ಟಿಸಿತು. ಏಳನೇ ತಿಂಗಳಲ್ಲಿ ಒಂದು ಸಂಜೆ ಅತ್ತೆ ಅಂಗಡಿಗೆ ಹೋಗಿದ್ದಾಗ ಕುಶಲಾ ಬಾಗಿಲಿಗೆ ಬಂದು ನಿಂತಳು.

“ಅಮ್ಮನಿಗೆ ನಾನು ಹೇಳಿಲ್ಲ,” ಎಂದಳು. “ಹೇಳಿದರೆ ನಿಮ್ಮನ್ನು ಈ ಮೆಟ್ಟಿಲು ಹತ್ತಲಿಕ್ಕೆ ಬಿಡುವುದಿಲ್ಲ.”

ಅವನು ತಲೆ ತಗ್ಗಿಸಿದ. ಹೆಂಗಸರ ಕೈಗೆ ಬಿಳಿ ಕೊಡಬೇಡ ಎಂಬ ಅಲೆಕ್ಸಾಂಡರನ ಮಾತೊಂದನ್ನು ಅವನು ಅವಳಿಗೆ ಹೇಳಿರಲಿಲ್ಲ. ಅಂದು ಹೇಳಿದ. ಹೇಳದೆ ಇದ್ದರೆ ಮಗು ಉಳಿಯಲಿಕ್ಕಿಲ್ಲ ಎಂದು ಹೇಗೋ ಅವನ ತಲೆಯೊಳಗೆ ಹೊಕ್ಕಿತ್ತು. ಕುಶಲಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಕೇಳಿದಳು. ಹೊಟ್ಟೆಯ ಮೇಲೆ ಕೈಯಿಟ್ಟಳು. ಒದೆಯುತ್ತಾ ಉಂಟು ಎಂದು ಮಾತ್ರ ಹೇಳಿ ಒಳಗೆ ಹೋದಳು. ಅದು ತನಗೆ ಹೇಳಿದ್ದೋ, ಅವಳಿಗೆ ಅವಳೇ ಹೇಳಿಕೊಂಡದ್ದೋ ಅವನಿಗೆ ತಿಳಿಯಲಿಲ್ಲ.

ಎಂಬತ್ತರ ಏಪ್ರಿಲಿನಲ್ಲಿ, ದಿನ ತುಂಬಲು ಮೂರು ವಾರ ಇರುವಾಗ, ಮಣಿಪಾಲದಲ್ಲಿ ಹೆರಿಗೆಯಾಯಿತು. ಹೊರಗೆ ಕೂತಿದ್ದ ದೇವದಾಸ ಒಂದೇ ಸದ್ದಿಗಾಗಿ ಕಿವಿಗೊಟ್ಟಿದ್ದ. ಬಾಗಿಲು ತೆರೆಯಿತು, ಮುಚ್ಚಿತು. ನರ್ಸ್ ಒಬ್ಬಳು ಓಡಿ ಹೋಗಿ ಏನನ್ನೋ ಹಿಡಿದುಕೊಂಡು ವಾಪಸು ಓಡಿದಳು. ಅಳು ಕೇಳಲಿಲ್ಲ. ಗುಣವತಿಯಮ್ಮನ ತುಟಿಗಳು ಜಪಿಸುತ್ತಿದ್ದವು. ಅವನು ಎದ್ದು ಗೋಡೆಗೆ ಹಣೆಯೊತ್ತಿ ನಿಂತ. ಎಷ್ಟು ಹೊತ್ತೋ, ಆಮೇಲೆ ಬೆಕ್ಕಿನ ಮರಿ ಕೂಗಿದಂತೆ ಸಣ್ಣಗೆ ಒಂದು ಸದ್ದು, ಮತ್ತೊಂದು, ಆಮೇಲೆ ನಿಲ್ಲದೆ.

ಹೆಣ್ಣುಮಗು. ತೀರಾ ಸಣ್ಣದು. ಹೆಸರಿಡಲು ಯಾರಿಗೂ ಧೈರ್ಯವಾಗಲಿಲ್ಲ. ಮೂರು ತಿಂಗಳು ಕಳೆಯಲಿ, ಆರು ತಿಂಗಳು ಕಳೆಯಲಿ ಎಂದು ಮುಂದೂಡಿದರು. ಆಸ್ಪತ್ರೆಯ ಚೀಟಿಯಲ್ಲಿ ಕುಶಲಾಳ ಬೇಬಿ ಎಂದು ಬರೆದದ್ದೇ ಹೆಸರಾಗಿ ಉಳಿಯಿತು. ಮಗು ಮಗುಚುವುದು ತಡವಾಯಿತು, ಹಲ್ಲು ತಡವಾಯಿತು, ಮಾತು ಇನ್ನೂ ತಡವಾಯಿತು. ಒಂದೊಂದು ತಡಕ್ಕೂ ಇಬ್ಬರೂ ಉಸಿರು ಹಿಡಿದು ಕಾದರು. ಕುಶಲಾ ಗಂಡನ ಜೊತೆ ಮತ್ತೆ ಸಂಸಾರ ಹೂಡಿದ್ದು ಮಗುವಿಗೆ ವರ್ಷ ತುಂಬಿದ ಮೇಲೆ, ಪರ್ಕಳದಲ್ಲೇ, ಹೊಸದಾಗಿ ಸುಣ್ಣ ಬಳಿದ ಬೇರೆ ಮನೆಯಲ್ಲಿ. ಕಾಪುವಿನ ಹೆಸರನ್ನು ಅವಳು ಎತ್ತುತ್ತಿರಲಿಲ್ಲ.

ಅವನ ಕೈ ಎದ್ದು ನಿಲ್ಲಲು ಒಂದೂವರೆ ವರ್ಷ ಹಿಡಿಯಿತು. ಡುಲ್ಸಿನ್ ಬಾಯಿ ಅಷ್ಟೂ ಕಾಲ ಕಾದರು. ಅಂಗಡಿಯ ಬಿಳಿ ತಂದು, ಬಲಗೈಗೆ ಎಡಗೈ ಆಸರೆ ಕೊಟ್ಟು, ಉಳಿದ ಮೋಡಗಳನ್ನು ಮುಗಿಸಿದ. ಮೊದಲು ಬರೆದ ಮೋಡ ಎಲ್ಲಿಗೆ ನಿಂತಿತು, ಹೊಸದು ಎಲ್ಲಿಂದ ಶುರುವಾಯಿತು ಎಂದು ಯಾರಿಗಾದರೂ ಕಾಣುವ ಹಾಗಿತ್ತು. ಬಾಯಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಇರಲಿ ದೇವದಾಸರೇ, ಮಾತೆ ನಡೆದು ಬರುವುದು ಹೊಸ ಕಡೆಯಿಂದಲೇ ಅಲ್ವಾ ಎಂದರು. ಅಲ್ತಾರಿನ ಮೇಲೆ ಹಾಕುವ ಮೊದಲು ಅವನು ಒಂದೇ ಮಾತು ಹೇಳಿದ, ಇದನ್ನು ಒರೆಸುವಾಗ ಒಣಬಟ್ಟೆ ಬೇಡ, ಸೊಸೆಗೆ ಮಕ್ಕಳಾಗುವ ಕಾಲದಲ್ಲಿ ಮುಟ್ಟಲೇ ಬೇಡಿ. ಆಮೇಲೆ ಬೊಂಬಾಯಿಯ ವಿಳಾಸಕ್ಕೆ ಕಾಗದ ಬರೆದು ಹಾಕಿದ. ಅಲೆಕ್ಸಾಂಡರ್ ತೀರಿಹೋಗಿ ಏಳು ವರ್ಷವಾಯಿತೆಂದು ಅವನ ನೆರೆಯವರು ಉತ್ತರ ಕೊಟ್ಟರು.

ಬೇಬಿ ಶಾಲೆಗೆ ಸೇರಿದ್ದು ಎಂಬತ್ತಾರರಲ್ಲಿ. ಅಷ್ಟರೊಳಗೆ ದೇವದಾಸನಿಗೆ ಒಂದು ಅಭ್ಯಾಸವಾಗಿತ್ತು. ದಿನಾ ಬೆಳಿಗ್ಗೆ ಮಗಳನ್ನು ಎದುರು ನಿಲ್ಲಿಸಿ, ಎರಡೂ ಕೈ ಮುಂದೆ ಚಾಚಿಸಿ, ಅಂಗೈಗಳನ್ನು ಮೇಲಕ್ಕೆತ್ತಲು ಹೇಳುವುದು, ಬಸ್ಸು ನಿಲ್ಲಿಸುವವರ ಹಾಗೆ. ಎತ್ತಿದ ಅಂಗೈಗಳನ್ನು ತನ್ನ ಬೆರಳಿನಿಂದ ಒತ್ತಿ ನೋಡುವುದು. ತುಟಿ ಎತ್ತಿ ಒಸಡು ನೋಡುವುದು. ಎಲ್ಲರ ಅಪ್ಪಂದಿರೂ ಹೀಗೇ ಮಾಡುತ್ತಾರೆಂದು ಅವಳು ತಿಳಿದಿದ್ದಳು. ಶಾಲೆಯ ಎರಡನೇ ವಾರ, ಒತ್ತಿದ ಒಂದು ಕೈ ಇನ್ನೊಂದಕ್ಕಿಂತ ಸ್ವಲ್ಪ ಬೇಗ ಸೋತಂತೆ ಅನಿಸಿ ಅವನು ಮತ್ತೊಮ್ಮೆ, ಮಗದೊಮ್ಮೆ ಎತ್ತಿಸಿದ. ಮಗಳ ಮುಖ ಅಳುವಂತಾಯಿತು.

ಕುಶಲಾ ಒಳಗಿನಿಂದ ಬಂದು ಬುತ್ತಿಯ ಚೀಲವನ್ನು ಮಗಳ ಹೆಗಲಿಗೆ ಹಾಕಿದಳು.

“ಸಾಕು ಬಿಡಿ,” ಎಂದಳು. “ಹೊತ್ತಾಯಿತು ಅವಳಿಗೆ.”

ಅವಳ ದನಿ ಗಟ್ಟಿಯಾಗಿರಲಿಲ್ಲ. ದೇವದಾಸ ಕೈ ಬಿಟ್ಟ. ಬೇಬಿ ಅಂಗಳ ದಾಟಿ ರಸ್ತೆಗಿಳಿದು, ಪಕ್ಕದ ಮನೆಯ ಹುಡುಗಿಯ ಜೊತೆ ಓಡಿದಳು. ಗಂಡಹೆಂಡಿರಿಬ್ಬರೂ ಬೇಲಿಯ ಬಳಿ ನಿಂತು ಅವಳು ತಿರುವಿನಲ್ಲಿ ಮರೆಯಾಗುವವರೆಗೆ ಅವಳ ಕೈಗಳನ್ನೇ ನೋಡಿದರು.